ಬಾಗಿದ ಉಕ್ಕು, ನೆಟ್ಟಗಿದ್ದ ಕಂಬ

1967ರ ಡಿಸೆಂಬರ್‌ನಲ್ಲಿ ಕೊಯ್ನಾ ಭೂಕಂಪವಾದಾಗ ನಾನು ಕೊಲ್ಹಾಪುರದ ಒಂದು ಖಾಸಗಿ ಸ್ಟ್ರಕ್ಚರಲ್ ಡಿಸೈನ್ ಕಚೇರಿಯಲ್ಲಿ ಸಹಾಯಕ ಇಂಜಿನಿಯರ್ ಆಗಿದ್ದೆ. ಕಚೇರಿಯ ಯಜಮಾನರು ಸಬನೀಸ್ ಸರ್. ಸಕ್ಕರೆ ಕಾರ್ಖಾನೆಯ ಗೋದಾಮು, ಸಿನಿಮಾ ಮಂದಿರ, ನೀರಿನ ಟಾಕಿ, ಹೀಗೆ ಬಂದ ಕೆಲಸವನ್ನೆಲ್ಲ ನಾವು ನಾಲ್ಕೈದು ಜನ ಸೇರಿ ಮಾಡುತ್ತಿದ್ದೆವು. ನನ್ನ ಮನೆ ಗಡಹಿಂಗ್ಲಜದಲ್ಲಿ. ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಇಚಲಕರಂಜಿಯ ಕಡೆಯಿಂದ ಕನ್ನಡ ಮಾತಾಡುವ ಗಿರಾಕಿ ಬಂದರೆ ಸರ್ ಅವರನ್ನು ನನ್ನ ಮೇಜಿಗೆ ಕಳಿಸುತ್ತಿದ್ದರು. ಜಿನ್ನಪ್ಪ ಮಗದುಮ್ ನನ್ನ ಪಾಲಿಗೆ ಬಂದದ್ದು ಹಾಗೆ.

ಭೂಕಂಪದ ಪೂರ್ತಿ ಏಟು ತಿಂದದ್ದು ಕೊಯ್ನಾದ ಕಡೆಯ ಊರುಗಳು. ನಮ್ಮ ಭಾಗದಲ್ಲಿ ಜನ ಹಾಸಿಗೆ ಬಿಟ್ಟು ಬೀದಿಗೆ ಓಡಿದರು, ಹಳೆಯ ಮಣ್ಣಿನ ಗೋಡೆಗಳು ಬಿರುಕುಬಿಟ್ಟವು, ಅಷ್ಟೇ. ಆದರೆ ಜಿನ್ನಪ್ಪನವರ ಪವರ್‌ಲೂಮ್ ಕಟ್ಟಡಕ್ಕೆ ಬೇರೆಯವಕ್ಕಿಂತ ಹೆಚ್ಚು ಪೆಟ್ಟಾಗಿತ್ತು. ಎರಡು ಅಂತಸ್ತಿನ ಕಟ್ಟಡ ಅದು. ಕೆಳಗೆ ಕಾಂಕ್ರೀಟಿನ ಕಂಬ, ತೊಲೆ, ಸ್ಲ್ಯಾಬು, ಅಲ್ಲಿ ಮಗ್ಗಗಳು. ಮೇಲೆ ಉಕ್ಕಿನ ಚೌಕಟ್ಟುಗಳ ಮೇಲೆ ತಗಡಿನ ಚಾವಣಿ. ಅಲ್ಲಿ ನೂಲಿನ ಗಾಂಟುಗಳು, ಅಂದರೆ ದೊಡ್ಡ ಕಟ್ಟುಗಳು, ಮತ್ತು ಹೆಂಗಸರು ಕೂತು ಕಾಂಡಿ ಎಂಬ ಸಣ್ಣ ಕಡ್ಡಿಗೆ ನೂಲು ಸುತ್ತುವ ಜಾಗ. ದಕ್ಷಿಣದ ತುದಿಯಲ್ಲಿ ಉಕ್ಕಿನ ಚೌಕಟ್ಟುಗಳ ನೆತ್ತಿಯ ಮೇಲೆಯೇ ಒಂದು ನೀರಿನ ಟಾಕಿ ಇಟ್ಟಿದ್ದರು. ನೆಲ ಅಲುಗಿದಾಗ ತುಂಬಿದ ಆ ಟಾಕಿ ಓಲಾಡಿ, ಕೆಳಗಿನ ಎರಡು ಚೌಕಟ್ಟುಗಳನ್ನು ತನ್ನ ಜೊತೆ ಎಳೆದಾಡಿತ್ತು.

ನಾನು ಹೋದ ದಿನ ಜಿನ್ನಪ್ಪ ಬಾಗಿಲಲ್ಲೇ ಕಾದಿದ್ದರು. ಐವತ್ತು ದಾಟಿದ, ಬಿಳಿ ಟೊಪ್ಪಿಗೆಯ, ಮೆತ್ತಗೆ ಮಾತಾಡುವ ಮನುಷ್ಯ. ಮೊದಲು ಮೇಲಕ್ಕೆ ಕರೆದುಕೊಂಡು ಹೋದರು. ಎರಡು ಚೌಕಟ್ಟುಗಳ ಭುಜಗಳು, ಅಂದರೆ ಕಂಬವೂ ತೊಲೆಯೂ ಕೂಡುವ ಜಾಗಗಳು, ಕಣ್ಣಿಗೆ ಕಾಣುವಷ್ಟು ಬಾಗಿದ್ದವು. ಬಣ್ಣ ಸಿಪ್ಪೆಯೆದ್ದು ಉಕ್ಕಿನ ಮೈ ಹೊಳೆಯುತ್ತಿತ್ತು. ಚಾವಣಿ ಒಂದು ಕಡೆ ವಾಲಿತ್ತು. ನೋಡಿದ ಯಾರಾದರೂ ಒಂದು ಹೆಜ್ಜೆ ಹಿಂದೆ ಸರಿಯಬೇಕು.

"ಮ್ಯಾಲಿಂದೆಲ್ಲಾ ಇಳಿಸಿಬಿಡೂನ್ರಿ. ನೀವು ಒಂದ ಕಾಗದ ಬರದ ಕೊಡ್ರಿ, ನಾಳೆನ ಗ್ಯಾಸ್ ಕಟರ್ ತರಸ್ತೇನಿ," ಎಂದರು ಜಿನ್ನಪ್ಪ.

ತಾವು ಆಗಲೇ ತೆಗೆದುಕೊಂಡ ಎಚ್ಚರಿಕೆಯನ್ನೆಲ್ಲ ಹೇಳಿದರು. ಟಾಕಿ ಖಾಲಿ ಮಾಡಿಸಿದ್ದರು. ನೂಲಿನ ಗಾಂಟುಗಳನ್ನು ಬಾಗಿದ ಚೌಕಟ್ಟಿನಿಂದ ಆದಷ್ಟು ದೂರ, ಉತ್ತರದ ಮೂಲೆಗೆ ಸಾಗಿಸಿ ಒಟ್ಟಿಸಿದ್ದರು. ಹೆಂಗಸರನ್ನು ಕೆಳಗಿಳಿಸಿದ್ದರು. ಜವಾಬ್ದಾರಿಯುಳ್ಳ ಮಾಲೀಕ ಮಾಡಬೇಕಾದ್ದನ್ನೇ ಅವರು ಮಾಡಿದ್ದರು. ನಾನೂ ತಲೆದೂಗಿದೆ.

ಕೆಳಗಿಳಿದೆವು. ಮಗ್ಗಗಳ ಸದ್ದಿನಲ್ಲಿ ಮಾತು ಕೇಳದು, ಕೈಸನ್ನೆಯಲ್ಲೇ ವ್ಯವಹಾರ. ಉತ್ತರದ ಮೂಲೆಯಲ್ಲಿ ಕಿಟಕಿಯ ಬೆಳಕಿಗೆ ಹತ್ತಾರು ಹೆಂಗಸರು ಚರಕದ ಮುಂದೆ ಕೂತಿದ್ದರು. ಅವರ ಬೆನ್ನಿಗೆ ಮೂಲೆಯ ಕಂಬ. ಅದರ ತಲೆಯ ಹತ್ತಿರ ಗಿಲಾಯಿಯಲ್ಲಿ, ಅಂದರೆ ಮೇಲಿನ ಸಿಮೆಂಟಿನ ಲೇಪದಲ್ಲಿ, ಒಂದು ಓರೆ ಬಿರುಕು. ಕೂದಲಿಗಿಂತ ಸ್ವಲ್ಪ ದಪ್ಪ. ಬೇರೇನೂ ಇಲ್ಲ. ಕಂಬ ಗೂಟ ಹೊಡೆದಂತೆ ನೆಟ್ಟಗೆ ನಿಂತಿತ್ತು.

ನಾನು ಸ್ಟೂಲು ಹತ್ತಿ ಸುತ್ತಿಗೆಯಿಂದ ಗಿಲಾಯಿ ತಟ್ಟಿದೆ. ಅಂಗೈಯಗಲದ ಚೂರು ಕಳಚಿ ಬಿತ್ತು. ಒಳಗಿನ ಉದ್ದ ಸರಳು ಎರಡು ರಿಂಗುಗಳ ನಡುವೆ ಸ್ವಲ್ಪ ಹೊರಗೆ ಉಬ್ಬಿತ್ತು. ರಿಂಗು ಎಂದರೆ ಕಂಬದ ಉದ್ದ ಸರಳುಗಳನ್ನು ಅಡ್ಡಲಾಗಿ ಸುತ್ತಿ ಬಿಗಿಯುವ ತೆಳು ಸರಳು. ಇಲ್ಲಿ ಅಡಿಗೊಂದರಂತೆ ಕಟ್ಟಿದ್ದರು. ಆ ಕಾಲಕ್ಕೆ ಅದೇ ರೂಢಿ. ಕಂಬದ ಅರ್ಧ ಎತ್ತರದವರೆಗೆ ಎರಡೂ ಕಡೆ ಇಟ್ಟಿಗೆಯ ಗೋಡೆ, ಅದರ ಮೇಲೆ ಕಿಟಕಿ. ಹಾಗಾಗಿ ಕಟ್ಟಡ ಓಲಾಡಿದಾಗ ಉಳಿದ ಕಂಬಗಳು ಪೂರ್ತಿ ಉದ್ದಕ್ಕೂ ಬಾಗಿದ್ದರೆ, ಇದರ ಮೇಲಿನ ಅರ್ಧವೊಂದೇ ಅಷ್ಟೂ ಓಲಾಟವನ್ನು ತಡೆದುಕೊಳ್ಳಬೇಕಾಗಿತ್ತು. ಅದರ ನೆತ್ತಿಯ ಮೇಲೇ ಈಗ ಇಡೀ ಕಟ್ಟಡದ ನೂಲಿನ ಗಾಂಟುಗಳು.

ಸ್ಟೂಲಿನಿಂದ ಇಳಿದೆ. ಜಿನ್ನಪ್ಪನವರನ್ನು ಹೊರಗೆ ಕರೆದು, ಹೆಂಗಸರನ್ನು ಈಗಲೇ ಎಬ್ಬಿಸಬೇಕು, ಗಾಂಟುಗಳನ್ನು ಇಳಿಸಬೇಕು, ಆ ಮೂಲೆಯ ಮಗ್ಗಗಳನ್ನು ನಿಲ್ಲಿಸಿ ಸ್ಲ್ಯಾಬಿಗೆ ಮರದ ಟೇಕು, ಅಂದರೆ ಆಸರೆಯ ಕಂಬ, ಕೊಡಬೇಕು ಎಂದೆ. ಅವರಿಗೆ ನನ್ನ ಮಾತು ಅರ್ಥವಾಗಲಿಲ್ಲ. ಆದರೂ ನನ್ನ ಮುಖ ನೋಡಿಯೋ ಏನೋ, ಒಪ್ಪಿದರು. ಕಟ್ಟಡ ಕಟ್ಟಿದ ಗವಂಡಿ ಬಾಳಪ್ಪನೇ ಬಂದು ಅಂದು ಸಂಜೆಯೊಳಗೆ ದಪ್ಪ ಮರದ ಕಂಬಗಳನ್ನು ನಿಲ್ಲಿಸಿ, ಬೆಣೆ ಬಡಿದು ಬಿಗಿ ಮಾಡಿದ.

ಹೆಂಗಸರು ಚರಕ ಎತ್ತಿಕೊಂಡು ಅಂಗಳಕ್ಕೆ ಬಂದರು. ಅವರಲ್ಲಿ ಹಿರಿಯಳು ಗಂಗವ್ವ, ಸುಳಕೂಡ ಎಂಬ ಹಳ್ಳಿಯವಳು. ಗಂಡ ತೀರಿಕೊಂಡ ಮೇಲೆ ಇಚಲಕರಂಜಿಗೆ ಬಂದು ನೂಲು ಸುತ್ತಿ ಎರಡು ಹೆಣ್ಣುಮಕ್ಕಳನ್ನು ಸಾಕುತ್ತಿದ್ದವಳು. ಮೇಲೂ ಬೇಡ ಕೆಳಗೂ ಬೇಡ ಎಂದರೆ ಕೆಲಸವೇ ನಿಂತುಹೋಗುತ್ತದೆ ಎಂಬುದು ಅವಳಿಗೆ ಎಲ್ಲರಿಗಿಂತ ಮೊದಲು ಹೊಳೆದಿತ್ತು. ನೇರವಾಗಿ ನನ್ನ ಮುಂದೆ ಬಂದು ನಿಂತಳು.

"ನಿಮ್ಮ ಲೆಕ್ಕ ನನಗ ತಿಳಿಯೂದಿಲ್ರಿ. ಒಂದ ಮಾತ ಹೇಳ್ರಿ. ನಿಮ್ಮ ಮನಿ ಹೆಣಮಕ್ಕಳಾಗಿದ್ರ ಎಲ್ಲಿ ಕುಂಡ್ರಸ್ತಿದ್ರಿ? ಮ್ಯಾಲೋ, ಕೆಳಗೋ?"

"ಇವತ್ತ ಎರಡೂ ಕಡೆ ಬ್ಯಾಡವ್ವಾ. ಆದ್ರ ಈ ಕೆಳಗಿನ ಕಂಬ ರಿಪೇರಿ ಆದಮ್ಯಾಲ, ಮ್ಯಾಲ ಕುಂಡ್ರಸ್ತೇನಿ."

"ಆ ಡೊಂಕಿನ ಕೆಳಗ?"

"ಆ ಡೊಂಕಿನ ಕೆಳಗ."

ಅವಳು ನಂಬಲಿಲ್ಲ. ಅವಳ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ನಾನು ಹಾಗೆ ಹೇಳಿದ್ದು ಅವಳಿಗೆ ಧೈರ್ಯ ತುಂಬಲೆಂದಲ್ಲ, ಆದರೆ ಇನ್ನೂ ಲೆಕ್ಕ ಹಾಕಿರಲಿಲ್ಲ ಎಂಬುದೂ ನಿಜ. ಕಾಲೇಜು ಮುಗಿಸಿದ ಮೇಲೆ ಒಂದು ಬೇಸಿಗೆಯ ತರಬೇತಿಯಲ್ಲಿ ಉಕ್ಕಿನ ಚೌಕಟ್ಟನ್ನು ಜಾಕ್ ಹಾಕಿ ಬಾಗಿಸುವುದನ್ನು ಕಣ್ಣಾರೆ ಕಂಡಿದ್ದೆ. ಅಲ್ಲಿ ಕಲಿತ ವಿಷಯಕ್ಕೆ ಪ್ಲಾಸ್ಟಿಕ್ ಅನಾಲಿಸಿಸ್ ಎಂದು ಹೆಸರು. ಬಕೆಟ್ಟಿನ ಪ್ಲಾಸ್ಟಿಕ್‌ಗೂ ಇದಕ್ಕೂ ಸಂಬಂಧವಿಲ್ಲ. ಒಂದು ತಂತಿಯನ್ನು ಸ್ವಲ್ಪ ಬಾಗಿಸಿ ಬಿಟ್ಟರೆ ಮೊದಲಿನಂತಾಗುತ್ತದೆ; ಅದು ಇಲಾಸ್ಟಿಕ್. ಇನ್ನೂ ಬಾಗಿಸಿದರೆ ಹಾಗೇ ಉಳಿಯುತ್ತದೆ, ಅದು ಪ್ಲಾಸ್ಟಿಕ್. ಆದರೆ ಹಾಗೆ ಉಳಿದ ತಂತಿ ಶಕ್ತಿ ಕಳೆದುಕೊಂಡಿರುವುದಿಲ್ಲ. ಮತ್ತೆ ಬಾಗಿಸಲು ಹೋದರೆ ಅಷ್ಟೇ ಬಲ ಹಾಕಬೇಕು. ಚೌಕಟ್ಟಿನಲ್ಲಿ ಹೀಗೆ ಬಾಗಿ ಉಳಿದ ಜಾಗವನ್ನು ಪ್ಲಾಸ್ಟಿಕ್ ಹಿಂಜ್ ಎನ್ನುತ್ತೇವೆ. ಬಾಗಿಲಿನ ಹಿಂಜ್‌ನಂತೆ ತಿರುಗುತ್ತದೆ, ಆದರೆ ತುಕ್ಕು ಹಿಡಿದ ಹಿಂಜ್‌ನಂತೆ ತಡೆಯುತ್ತ ತಿರುಗುತ್ತದೆ. ಬುಡ ಗಟ್ಟಿಯಾಗಿ ಕೂತಿರುವ ಇಂಥ ಚೌಕಟ್ಟು ಪಕ್ಕಕ್ಕೆ ಮಗುಚಬೇಕಾದರೆ ಎರಡು ಭುಜ, ಎರಡು ಬುಡ, ಹೀಗೆ ನಾಲ್ಕು ಕಡೆ ಹಿಂಜ್ ಆಗಬೇಕು. ಜಿನ್ನಪ್ಪನವರ ಚೌಕಟ್ಟುಗಳಲ್ಲಿ ಭುಜಗಳು ಮಾತ್ರ ಬಾಗಿದ್ದವು. ಬುಡದ ಬೋಲ್ಟು ಕದಲಿರಲಿಲ್ಲ, ಬುಡದ ಬಣ್ಣ ಎದ್ದಿರಲಿಲ್ಲ. ಟಾಕಿಯ ಭಾರವೂ ಈಗ ಇರಲಿಲ್ಲ.

ಕಾಂಕ್ರೀಟಿನ ಕಂಬದ ಕಥೆಯೇ ಬೇರೆ. ಅದು ಬಾಗುವುದರ ಜೊತೆಗೆ ಮೇಲಿನ ಭಾರವನ್ನೂ ಹೊರಬೇಕು. ಇಂಥದ್ದಕ್ಕೆ ನಾವು ಬೀಮ್-ಕಾಲಮ್ ಎನ್ನುತ್ತೇವೆ: ಒಂದೇ ಮೈಯಲ್ಲಿ ತೊಲೆಯ ಕೆಲಸ, ಕಂಬದ ಕೆಲಸ. ಕೊಲ್ಹಾಪುರಕ್ಕೆ ಮರಳಿ ನಾನು ಅದರ ಲೆಕ್ಕಕ್ಕೆ ಕೂತೆ. ಈಗಿನವರು ಕಂಪ್ಯೂಟರಿನಲ್ಲಿ ಕ್ಷಣದಲ್ಲಿ ಮಾಡುವುದನ್ನು ನಾನು ಗ್ರಾಫ್ ಹಾಳೆ, ಸ್ಲೈಡ್ ರೂಲ್ ಹಿಡಿದು ಮಾಡಿದೆ. ಹನ್ನೆರಡು ಇಂಚಿನ ಕಂಬವನ್ನು ಇಂಚಿಗೊಂದು ಪಟ್ಟಿಯಾಗಿ ಗೀಚಿ, ಕಂಬ ಇಷ್ಟು ಬಾಗಿದರೆ ಪ್ರತಿ ಪಟ್ಟಿ ಎಷ್ಟು ಒತ್ತುತ್ತದೆ, ಸರಳು ಎಷ್ಟು ಎಳೆಯುತ್ತದೆ ಎಂದು ಬರೆದು, ಕೂಡಿಸಿ, ಆ ಮೊತ್ತ ಮೇಲಿನ ಭಾರಕ್ಕೆ ಸರಿಹೊಂದುವವರೆಗೆ ತಿದ್ದುತ್ತ ಹೋದೆ. ಆಮೇಲೆ ಇನ್ನಷ್ಟು ಬಾಗಿಸಿ ಮತ್ತೆ ಅದೇ ಲೆಕ್ಕ. ಉಕ್ಕಿನ ಚೌಕಟ್ಟಿಗೂ ಹೀಗೇ ಲೆಕ್ಕ ಹಾಕಿ, ಎಷ್ಟು ಬಾಗಿದರೆ ಎಷ್ಟು ಬಲ ತಡೆಯುತ್ತದೆ ಎಂದು ಗುರುತಿಸುತ್ತ ಹೋದಾಗ ಕೊನೆಗೆ ಎರಡು ಗೆರೆಗಳು ಬಂದವು. ಉಕ್ಕಿನ ಗೆರೆ ಏರಿ, ಹೊಲದ ಬದುವಿನಂತೆ ಸಪಾಟಾಗಿ ಬಹುದೂರ ಸಾಗಿತು. ಕಾಂಕ್ರೀಟಿನ ಗೆರೆ ಅಷ್ಟೇ ಏರಿ, ತುದಿ ಮುಟ್ಟಿದ್ದೇ ಧೊಪ್ಪನೆ ಕೆಳಗಿಳಿಯಿತು. ಗಾಂಟುಗಳ ಭಾರ ಸೇರಿಸಿದರೆ ಇನ್ನೂ ಬೇಗ. ರಿಂಗುಗಳು ಹತ್ತಿರ ಹತ್ತಿರ ಇದ್ದಿದ್ದರೆ ಒಳಗಿನ ಕಾಂಕ್ರೀಟನ್ನು ಅಪ್ಪಿ ಹಿಡಿದು ಆ ಗೆರೆಯನ್ನು ಸ್ವಲ್ಪ ದೂರ ಎಳೆಯಬಹುದಿತ್ತು. ಅಡಿಗೊಂದು ರಿಂಗು ಸಾಲದು.

ಇದನ್ನೆಲ್ಲ ಸಬನೀಸ್ ಸರ್ ಮುಂದಿಟ್ಟೆ. ಅವರು ಹಳೆಯ ಪದ್ಧತಿಯಲ್ಲಿ ಪಳಗಿದವರು. ಉಕ್ಕು ಇಲಾಸ್ಟಿಕ್ ಮಿತಿ ದಾಟಿದರೆ ಕೆಟ್ಟಿತು ಎಂದೇ ಮೂವತ್ತು ವರ್ಷ ಕೆಲಸ ಮಾಡಿದವರು. ಬಾಗಿದ್ದನ್ನು ತೆಗೆಸಿ, ಬಿರುಕಿಗೆ ಸಿಮೆಂಟು ತುಂಬಿಸಿ ಎಂದು ಬರೆದುಕೊಟ್ಟರೆ ನಮ್ಮನ್ನು ಯಾರೂ ಪ್ರಶ್ನಿಸರು ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಹಾಳೆಗಳನ್ನು ಮನೆಗೊಯ್ದರು. ಮರುದಿನ ಎರಡು ಕಡೆ ಕೂಡಿಸುವುದರಲ್ಲಿ ತಪ್ಪಿದ್ದನ್ನು ಪೆನ್ಸಿಲಿನಿಂದ ತಿದ್ದಿ ತಂದಿದ್ದರು. ಆ ತಪ್ಪುಗಳಿಂದ ತೀರ್ಮಾನ ಬದಲಾಗುತ್ತಿರಲಿಲ್ಲ. ಆಮೇಲೆ ವರದಿಯಲ್ಲಿ ನನ್ನ ಸಹಿಗೆಂದು ಬಿಟ್ಟ ಜಾಗದ ಮೇಲ್ಗಡೆ ತಮ್ಮ ಹೆಸರು ಬರೆದರು.

"ಪಡಲಂಚ್ ತರ್ ಪಹಿಲಂ ಮಾಝಂ ನಾವ್ ದಿಸೂ ದೇ," ಎಂದರು. ಬಿದ್ದದ್ದೇ ಆದರೆ ಮೊದಲು ನನ್ನ ಹೆಸರೇ ಕಾಣಲಿ ಎಂದು ಅದರ ಅರ್ಥ. ಆಮೇಲೆ ಚಹಾ ತರಿಸಿದರು.

ವರದಿಯಲ್ಲಿ ಎರಡು ಮಾತು ಇದ್ದವು. ಬಾಗಿದ ಚೌಕಟ್ಟುಗಳ ಭುಜಗಳಿಗೆ ಉಕ್ಕಿನ ಪಟ್ಟಿ ಬೆಸೆದು ಹಾಗೇ ಬಳಸಬಹುದು, ಟಾಕಿಯನ್ನು ಮಾತ್ರ ನೆಲಕ್ಕಿಳಿಸಬೇಕು. ಕೆಳಗಿನ ಅಂತಸ್ತನ್ನು ಪೂರ್ತಿ ಮುಚ್ಚಿ, ಎಲ್ಲ ಕಂಬಗಳಿಗೂ ಹೊಸ ಸರಳು, ಒತ್ತೊತ್ತಾದ ರಿಂಗು, ಹೊಸ ಕಾಂಕ್ರೀಟಿನ ಕವಚ ಹಾಕಬೇಕು.

ಜಿನ್ನಪ್ಪ ಅದನ್ನು ಓದಿಸಿ ಕೇಳಿದರು. ಅವರಿಗೆ ಸಿಟ್ಟು ಬಂದಿರಲಿಲ್ಲ, ದುಃಖವಾಗಿತ್ತು.

"ಡೊಂಕಾಗಿದ್ದನ್ನ ಇಟಗೊ, ನೆಟ್ಟಗಿದ್ದದ್ದನ್ನ ಒಡಿ ಅಂತೀರಿ ಸಾಹೇಬ್ರ. ಇದನ್ನ ನಾ ಮಂದಿಗೆ ಹ್ಯಾಂಗ ಹೇಳ್ಲಿ? ಮಗ್ಗ ನಿಂತ್ರ ನೇಕಾರರು ಬ್ಯಾರೆ ಕಡೆ ಹೊಕ್ಕಾರ. ಮತ್ತ ತಿರಗಿ ಬರೂದಿಲ್ರಿ ಅವರು."

ಮೂಲೆಗೆ ಟೇಕು ಕೊಟ್ಟಾಗಿದೆ, ಗಾಂಟು ಇಳಿಸಿಯಾಗಿದೆ, ಇನ್ನು ಮಗ್ಗ ನಡೆದರೆ ಏನು ಎಂಬುದು ಅವರ ವಾದ. ಗೆರೆ ಎಳೆದು ತೋರಿಸಿ ಅವರನ್ನು ಒಪ್ಪಿಸಲಾರೆ ಎಂದು ನನಗೆ ಅನಿಸಿತು. ಅವರು ಕಣ್ಣಿನಿಂದ ಹೆದರಿದ್ದರು, ಕಣ್ಣಿನಿಂದಲೇ ತಿಳಿಯಬೇಕಿತ್ತು. ನಮ್ಮ ಕೆಲಸದಲ್ಲಿ ಒಂದು ಹಳೆಯ ಉಪಾಯವಿದೆ. ಬಿರುಕಿನ ಮೇಲೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯಿಟ್ಟು ಎರಡೂ ತುದಿಗೆ ಪ್ಲಾಸ್ಟರ್ ಹಚ್ಚಿ ಅಂಟಿಸುವುದು. ಬಿರುಕು ಜೀವಂತವಾಗಿದ್ದರೆ, ಅಂದರೆ ಮಗ್ಗಗಳ ಅದುರಿಗೆ ಇನ್ನೂ ಬೆಳೆಯುತ್ತಿದ್ದರೆ, ಗಾಜು ಸೀಳುತ್ತದೆ. ಪಟ್ಟಣದ ಒಂದು ಫೋಟೋ ಚೌಕಟ್ಟಿನ ಅಂಗಡಿಯಲ್ಲಿ ಗಾಜು ಕೊಯ್ಯಿಸಿ ತಂದು ಕಂಬದ ಬಿರುಕಿಗೆ ಅಂಟಿಸಿದೆ. ಮೇಲೆ, ಬಾಗಿದ ಭುಜದಿಂದ ಒಂದು ತೂಕದ ಗುಂಡನ್ನು ದಾರದಲ್ಲಿ ಇಳಿಬಿಟ್ಟು, ಅದರ ಮೊನೆಯ ಕೆಳಗೆ ನೆಲದ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿದೆ; ಚೌಕಟ್ಟು ಇನ್ನೂ ಜರುಗಿದರೆ ಮೊನೆ ಗುರುತು ಬಿಟ್ಟು ಸರಿಯುತ್ತದೆ. ಒಂದು ದಿನ ಮಗ್ಗ ನಡೆಯಲಿ, ಮೂಲೆಯ ಹತ್ತಿರ ಯಾರೂ ಬರಕೂಡದು ಎಂಬ ಷರತ್ತಿಗೆ ಜಿನ್ನಪ್ಪ ಒಪ್ಪಿದರು. ನಾನು ಒಳಗೇ ನಿಂತೆ. ಬೇರೆಯವರನ್ನು ಒಳಗೆ ಬಿಟ್ಟು ಹೊರಗೆ ನಿಲ್ಲಲು ಮನಸ್ಸು ಬರಲಿಲ್ಲ.

ಗಂಗವ್ವ ಕೆಲಸವಿಲ್ಲದೆ ಅಂಗಳದಲ್ಲಿ ಕೂತಿದ್ದವಳು ನಡುನಡುವೆ ಮೆಟ್ಟಿಲು ಹತ್ತಿ, ಬಾಗಿಲಲ್ಲೇ ನಿಂತು ಆ ಗುಂಡನ್ನು ನೋಡಿ ಬರುತ್ತಿದ್ದಳು. ಮೊದಲು ಅದನ್ನು ತಮಾಷೆ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಅವಳ ಕೂಲಿ ಆ ದಾರದ ತುದಿಯಲ್ಲಿ ತೂಗುತ್ತಿತ್ತು.

ಮಧ್ಯಾಹ್ನದ ಬುತ್ತಿಗೆ ಮುಂಚೆ ಗಾಜು ಒಡೆಯಿತು. ಮಗ್ಗಗಳ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ನಾನು ನೋಡಿದಾಗ ಪಟ್ಟಿಯ ನಡುವೆ ಒಂದು ಗೆರೆ ಮೂಡಿತ್ತು, ಎರಡು ತುಂಡುಗಳ ನಡುವೆ ತೆಳುವಾದ ಸಂದು. ಜಿನ್ನಪ್ಪನವರನ್ನು ಕೈಹಿಡಿದು ಕರೆತಂದು ದೂರದಿಂದಲೇ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. ನನ್ನ ಕಿವಿಯ ಹತ್ತಿರ ಬಾಯಿ ತಂದು ಕೇಳಿದರು:

"ಇದಕ್ಕ ಯಾರೂ ಕೈ ಹಚ್ಚಿಲ್ಲ, ಹೌದಲ್ರಿ?"

ಯಾರೂ ಇಲ್ಲ ಎಂದು ತಲೆಯಾಡಿಸಿದೆ.

ಅವರು ಮೀಟರ್ ಪೆಟ್ಟಿಗೆಯ ಹತ್ತಿರ ಹೋಗಿ ಮೇನ್ ಸ್ವಿಚ್ ತಾವೇ ಕೆಳಗೆಳೆದರು. ಮಗ್ಗಗಳು ಒಂದೊಂದಾಗಿ ತಟಪಟ ಎಂದು ನಿಂತವು. ಆ ಕಟ್ಟಡದಲ್ಲಿ ಹಗಲು ಹೊತ್ತಿನಲ್ಲಿ ಅಂಥ ಮೌನವನ್ನು ನೇಕಾರರೂ ಕೇಳಿರಲಿಲ್ಲ. ಎಲ್ಲರೂ ಕೈ ಇಳಿಬಿಟ್ಟು ಮಾಲೀಕರನ್ನು ನೋಡುತ್ತಿದ್ದರು. ಆಗ ಮೆಟ್ಟಿಲ ಮೇಲಿನಿಂದ ಗಂಗವ್ವನ ದನಿ ಕೇಳಿಸಿತು.

"ನಮ್ಮ ಗುಂಡು ಅಳ್ಳಾಡಿಲ್ರಿ ಸಾಹೇಬ್ರ."

ಕಟ್ಟಡ ಮುಚ್ಚಿತು. ಜಿನ್ನಪ್ಪ ಹೆದರಿದ್ದಂತೆಯೇ ಆಯಿತು. ಕೆಲವು ನೇಕಾರರು ಬೇರೆ ಶೆಡ್ಡುಗಳಿಗೆ ಹೋದರು, ಒಬ್ಬಿಬ್ಬರು ಕೊನೆಗೂ ಮರಳಲಿಲ್ಲ. ಹೆಂಗಸರಿಗೆ ಮಾತ್ರ ಜಿನ್ನಪ್ಪನವರ ಹೆಂಡತಿ ಪದ್ಮವ್ವ ತಮ್ಮ ಮನೆಯ ಪಡಸಾಲೆ ಬಿಟ್ಟುಕೊಟ್ಟರು. ಬೇರೆ ಮಗ್ಗದವರ ನೂಲು ತರಿಸಿ ಅಲ್ಲೇ ಕಾಂಡಿ ಸುತ್ತಿಸಿದರು. ನಾನು ಕೆಲಸ ನೋಡಲು ಹೋದಾಗಲೆಲ್ಲ ಆ ಮನೆಗೆ ಬಂದ ನೆಂಟರು ಚರಕಗಳ ನಡುವೆ ಜಾಗ ಮಾಡಿಕೊಂಡು ಕೂತಿರುತ್ತಿದ್ದರು.

ಮೂಲೆಯ ಕಂಬವನ್ನು ಕೆತ್ತಲು ಬಾಳಪ್ಪ ಬೇರೆ ಯಾರನ್ನೂ ಬಿಡಲಿಲ್ಲ. ಉಳಿ ಇಟ್ಟು ಎರಡು ಏಟು ಹಾಕಿದ. ಮೂರನೆಯದು ಬೇಕಾಗಲಿಲ್ಲ. ತಲೆಯ ಭಾಗದ ಕಾಂಕ್ರೀಟು ಹೆಂಟೆ ಹೆಂಟೆಯಾಗಿ ಕೈಗೆ ಬಂತು. ಒಳಗೆ ಗಟ್ಟಿ ಎನ್ನುವಂಥದ್ದು ಅಂಗೈಯಷ್ಟೂ ಇರಲಿಲ್ಲ. ನಾಲ್ಕೂ ಸರಳುಗಳು ಹೊರಗೆ ಬಿಲ್ಲಾಗಿದ್ದವು. ಅಷ್ಟು ದಿನ ಆ ಮೂಲೆಯನ್ನು ಹೊತ್ತದ್ದು ಕಂಬವಲ್ಲ, ಬಾಳಪ್ಪ ಬಡಿದ ಮರದ ಟೇಕುಗಳು.

ಅವನು ಉಳಿ ಕೆಳಗಿಟ್ಟು ಕೂತುಬಿಟ್ಟ. "ಕಾಗದದಾಗ ಇದ್ದಷ್ಟು ಹಾಕೇನ್ರಿ ನಾ. ಒಂದ ರಿಂಗ್ ಸೈತ ಕಡಿಮಿ ಮಾಡಿಲ್ಲ," ಎಂದ. ಯಾರೂ ಅವನ ಮೇಲೆ ಆರೋಪ ಮಾಡಿರಲಿಲ್ಲ.

"ನನಗ ಗೊತ್ತೈತಿ ಬಾಳಪ್ಪಣ್ಣ. ಆಗ ಎಲ್ಲಾರೂ ಹಂಗ ಬರೀತಿದ್ರು, ಎಲ್ಲಾರೂ ಹಂಗ ಕಟ್ಟತಿದ್ರು," ಎಂದೆ. ಅದು ಸಮಾಧಾನದ ಮಾತಾಗಿರಲಿಲ್ಲ, ನಿಜವೇ ಆಗಿತ್ತು. ಜಿನ್ನಪ್ಪ ಬಾಳಪ್ಪನ ಪಕ್ಕ ಕೂತು ಆ ಕಾಂಕ್ರೀಟಿನ ಹೆಂಟೆಯೊಂದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. "ಹೆಣಮಕ್ಕಳನ್ನ ಇಲ್ಲಿ ಕುಂಡ್ರಿಸಿದ್ದೆ ನಾ," ಎಂದರು ಕೊನೆಗೆ. "ನಾನ ಜಾಗಾ ಆರಿಸಿ ಕೊಟ್ಟಿದ್ದೆ." ಬಾಳಪ್ಪ ಅವರ ತೋಳು ಹಿಡಿದು ಎಬ್ಬಿಸಿದ.

ಬೇಸಿಗೆ ಮುಗಿಯುವ ಹೊತ್ತಿಗೆ ಎಲ್ಲ ಕಂಬಗಳಿಗೂ ಹೊಸ ಕವಚ ಬಂತು. ರಿಂಗುಗಳನ್ನು ಬಾಳಪ್ಪ ನಾನು ಹೇಳಿದ್ದಕ್ಕಿಂತಲೂ ಒತ್ತಾಗಿ ಕಟ್ಟಿದ್ದ, ನಾನು ತಡೆಯಲಿಲ್ಲ. ಟಾಕಿ ನೆಲಕ್ಕಿಳಿಯಿತು. ಕಿಟಕಿಯ ಗೋಡೆಗೂ ಕಂಬಕ್ಕೂ ನಡುವೆ ಸಂದು ಬಿಡಿಸಿದೆವು. ಬಾಗಿದ ಭುಜಗಳಿಗೆ ಪಟ್ಟಿ ಬೆಸೆದೆವು, ಡೊಂಕನ್ನು ನೆಟ್ಟಗೆ ಮಾಡಲು ಹೋಗಲಿಲ್ಲ. ಮೇಲೆ ಕೆಲಸ ಶುರುವಾದ ದಿನ ಹೆಂಗಸರು ಮೆಟ್ಟಿಲ ಬಳಿ ತಡವರಿಸಿದರು. ಗಂಗವ್ವ ಚರಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹತ್ತಿಹೋಗಿ, ಸರಿಯಾಗಿ ಆ ಡೊಂಕಿನ ಕೆಳಗೇ ಚಾಪೆ ಹಾಸಿದಳು. ನನ್ನನ್ನೂ ಕರೆದು ಪಕ್ಕದಲ್ಲಿ ಕೂರಿಸಿದಳು. ಲೆಕ್ಕ ಹಾಕಿದವನು ನಾನೇ ಆದರೂ, ಅವಳು ನೂಲು ಹಚ್ಚಿ ಚರಕ ತಿರುಗಿಸುವವರೆಗೆ ನನ್ನ ಕಣ್ಣು ಮತ್ತೆ ಮತ್ತೆ ಮೇಲಕ್ಕೇ ಹೋಗುತ್ತಿತ್ತು. ಅವಳು ಅದನ್ನು ಗಮನಿಸಿ ನಕ್ಕಳು.

ಆಮೇಲೆ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ನಾನು ಇದೇ ಕೆಲಸ ಮಾಡಿದೆ. ಪ್ಲಾಸ್ಟಿಕ್ ಅನಾಲಿಸಿಸ್ ಪಠ್ಯಪುಸ್ತಕಕ್ಕೆ ಬಂತು, ರಿಂಗುಗಳು ಒತ್ತಾದವು, ನನ್ನ ಗ್ರಾಫ್ ಹಾಳೆಯ ಪಟ್ಟಿಗಳನ್ನು ಯಂತ್ರಗಳು ಎಣಿಸತೊಡಗಿದವು. ಅವುಗಳನ್ನೆಲ್ಲ ಪುಸ್ತಕದಿಂದ ಕಲಿಯಬಹುದು. ಇಚಲಕರಂಜಿ ನನಗೆ ಕಲಿಸಿದ್ದು ಮನುಷ್ಯರ ವಿಷಯ. ಬಾಗಿದ್ದು, ಸೊಟ್ಟಗಾದದ್ದು ಎಲ್ಲರನ್ನೂ ಹೆದರಿಸುತ್ತದೆ. ಹೆದರಿದವರು ತಮ್ಮವರನ್ನೂ ತಮ್ಮ ಸಾಮಾನನ್ನೂ ಎತ್ತಿಕೊಂಡು, ಸದ್ದಿಲ್ಲದೆ ನಿಂತದ್ದರ ಆಸರೆಗೆ ಹೋಗುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೋಗುತ್ತಾರೆ. ಅದಕ್ಕೇ ಪೆಟ್ಟಾದ ಯಾವ ಕಟ್ಟಡಕ್ಕೆ ಹೋದರೂ, ಬಿರುಕು ಎಲ್ಲಿ ಎಂದು ಅವರು ತೋರಿಸುವ ಮೊದಲೇ ನಾನು ಬಾಗಿಲಲ್ಲಿ ಒಂದು ಪ್ರಶ್ನೆ ಕೇಳುತ್ತಿದ್ದೆ: ಮಂದೀನ ಈಗ ಎಲ್ಲಿ ಕುಂಡ್ರಿಸೀರಿ? ಅವರು ತೋರಿಸಿದ ಕಡೆಗೆ ಮೊದಲು ನಡೆಯುತ್ತಿದ್ದೆ.